ಗಾರ್ಬೊ ಅವರ ‘ಎ ವುಮನ್ ಆಫ್ ಅಫೇರ್ಸ್’: ಕದ್ದವನು ಗಂಡ, ತೀರಿಸಿದವಳು ಹೆಂಡತಿ

ಮೊದಲೇ ಹೇಳಿಬಿಡುತ್ತೇನೆ, ಈ ಚಿತ್ರ ನೋಡಿ. 1928ರ ಮೂಕಿ ಚಿತ್ರ, ಸುಮಾರು ಒಂದೂವರೆ ಗಂಟೆ. ಎಂಜಿಎಂ ಕಂಪನಿಯದು, ನಿರ್ದೇಶನ ಕ್ಲಾರೆನ್ಸ್ ಬ್ರೌನ್ ಅವರದು, ಜೋಡಿ ಗ್ರೆಟಾ ಗಾರ್ಬೊ ಮತ್ತು ಜಾನ್ ಗಿಲ್ಬರ್ಟ್. ಕಥೆಯಲ್ಲಿ ತೂತುಗಳಿವೆ. ನಾಯಕ ಅನ್ನಿಸಿಕೊಂಡವನು ಅಪ್ಪನ ಮಾತು ಮೀರಲಾರದ ಪುಕ್ಕಲ. ಕೊನೆ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಇಷ್ಟೆಲ್ಲ ಇದ್ದೂ ಯಾಕೆ ನೋಡಿ ಅನ್ನುತ್ತಿದ್ದೇನೆ ಅನ್ನುವುದನ್ನು ಕೆಳಗೆ ಉದ್ದಕ್ಕೆ ಕೊರೆದಿದ್ದೇನೆ. ಕಥೆಯನ್ನೂ ಪೂರ್ತಿ ಹೇಳುತ್ತೇನೆ, ಬೇಡ ಅನ್ನುವವರು ಇಲ್ಲೇ ನಿಲ್ಲಿಸಿ ಚಿತ್ರ ಹುಡುಕಿಕೊಳ್ಳಿ. ನೂರು ವರ್ಷ ಆಗುತ್ತಾ ಬಂದ ಚಿತ್ರದ ಗುಟ್ಟು ಕಾಪಾಡುವ ತಾಳ್ಮೆ ನನಗಿಲ್ಲ.

ಇಂಗ್ಲೆಂಡಿನ ಸಿರಿವಂತ ಮನೆತನಗಳ ಕಥೆ ಇದು. ಡಯಾನಾ ಮೆರಿಕ್, ನೆವಿಲ್ ಹೋಲ್ಡರ್‌ನೆಸ್, ಡೇವಿಡ್ ಫರ್ನೆಸ್ ಮೂವರೂ ಚಿಕ್ಕಂದಿನಿಂದ ಜೊತೆಗೆ ಬೆಳೆದವರು. ಡಯಾನಾಳ ಒಡಹುಟ್ಟಿದವ ಜೆಫ್ರಿ ಇನ್ನೊಬ್ಬ, ಅವನಿಗೆ ಡೇವಿಡ್ ಅಂದರೆ ದೇವರು. ಡಯಾನಾ ಮತ್ತು ನೆವಿಲ್ ಪ್ರೀತಿಸುತ್ತಾರೆ. ಆದರೆ ನೆವಿಲ್‌ನ ಅಪ್ಪ ಸರ್ ಮಾರ್ಟನ್‌ಗೆ ಮೆರಿಕ್ ಮನೆಯವರನ್ನು ಕಂಡರೆ ಆಗುವುದಿಲ್ಲ. ಅವರ ರೀತಿ ನೀತಿ ಸರಿ ಇಲ್ಲ, ಹುಡುಗಿ ಅಂತೂ ಕಾರು ಹತ್ತಿದರೆ ಹಿಂದೆ ಮುಂದೆ ನೋಡದೆ ಓಡಿಸುತ್ತಾಳೆ, ಇಂಥವಳು ನಮ್ಮ ಮನೆಗೆ ಸೊಸೆಯಾಗಿ ಬರುವುದೇ? ಹೀಗಂತ ಮಗನನ್ನು ಈಜಿಪ್ಟಿಗೆ ಸಾಗಹಾಕುತ್ತಾನೆ. ಅಲ್ಲಿ ದುಡಿದು ದುಡ್ಡು ಮಾಡಿಕೊಂಡು ಬಾ, ಆಮೇಲೆ ಮಿಕ್ಕಿದ್ದು ನೋಡೋಣ ಅಂತ. ಮಗ ಹೋಗುತ್ತಾನೆ. ಎದುರಾಡುವುದಿಲ್ಲ. ಇಡೀ ಚಿತ್ರದಲ್ಲಿ ಅವನು ಹೀಗೇ, ಹೇಳಿದ ಕಡೆ ಹೋಗುತ್ತಾನೆ, ಹೇಳಿದವರನ್ನು ಮದುವೆಯಾಗುತ್ತಾನೆ, ಎಲ್ಲ ಕೆಟ್ಟ ಮೇಲೆ ಒಂದು ಸಲ ಧೈರ್ಯ ಮಾಡುತ್ತಾನೆ.

ಡಯಾನಾ ಕಾಯುತ್ತಾಳೆ. ಅವನು ಬರುವುದಿಲ್ಲ. ಕೊನೆಗೆ ತನ್ನನ್ನು ಮೊದಲಿನಿಂದ ಪ್ರೀತಿಸುತ್ತಿದ್ದ ಡೇವಿಡ್‌ನನ್ನು ಮದುವೆಯಾಗುತ್ತಾಳೆ. ಮದುವೆಯಾಗಿ ಹನಿಮೂನಿಗೆ ಫ್ರಾನ್ಸಿಗೆ ಹೋದಲ್ಲಿ ಹೋಟೆಲಿನ ಕೋಣೆ ಬಾಗಿಲಿಗೆ ಪೊಲೀಸರು ಬರುತ್ತಾರೆ. ಡೇವಿಡ್ ಬೇರೆಯವರ ಹಣ ನುಂಗಿದ ಕಳ್ಳ. ಬಂದವರನ್ನು ನೋಡಿ ಕಿಟಕಿಯಿಂದ ಹಾರಿ ಸಾಯುತ್ತಾನೆ.

ಇಲ್ಲಿಂದ ನಿಜವಾದ ಕಥೆ ಶುರು. ಹನಿಮೂನಿನಲ್ಲಿ ಗಂಡ ಸತ್ತ ಅಂದರೆ ಜನ ಏನಂತಾರೆ? ಹೆಂಡತಿಯದೇ ಏನೋ ಇರಬೇಕು ಅಂತಾರೆ ಅಲ್ವಾ. ಯಾಕೆ ಸತ್ತ ಅಂತ ಕೇಳಿದಾಗ ಡಯಾನಾ ಒಂದೇ ಮಾತು ಹೇಳುತ್ತಾಳೆ, ಸಭ್ಯತೆಗಾಗಿ ಸತ್ತ ಅಂತ. ಕೇಳಿದವರು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ. ಹೆಂಡತಿಯ ಹಳೆಯ ಕಥೆ ಗೊತ್ತಾಗಿ, ತಾಳಲಾರದೆ, ಆ ಒಳ್ಳೆಯ ಹುಡುಗ ಪ್ರಾಣ ಬಿಟ್ಟ, ಹೀಗೆ. ಜೆಫ್ರಿಯೂ ಹಾಗೇ ತಿಳಿಯುತ್ತಾನೆ. ಅವಳು ಅವನ ಆ ನಂಬಿಕೆ ಉಳಿಸಲಿಕ್ಕೇ ಬಾಯಿ ಮುಚ್ಚಿಕೊಂಡಿರುತ್ತಾಳೆ, ಅವನು ಅವಳ ಮುಖ ನೋಡುವುದನ್ನೂ ಬಿಟ್ಟು ಕುಡಿದು ಕುಡಿದು ಹಾಳಾಗುತ್ತಾನೆ. ಅವಳು ಇಂಗ್ಲೆಂಡ್ ಬಿಟ್ಟು ಯೂರೋಪಿನ ಊರೂರು ಅಲೆಯುತ್ತಾಳೆ, ಗಂಡಸರು ಬರುತ್ತಾರೆ ಹೋಗುತ್ತಾರೆ, ಊರ ಬಾಯಿಗೆ ಅವಳ ಹೆಸರು ಚೆನ್ನಾಗಿ ಸಿಗುತ್ತದೆ. ಅದೇ ಹೊತ್ತಿಗೆ, ಯಾರಿಗೂ ಹೇಳದೆ, ಗಂಡ ಕದ್ದ ಹಣವನ್ನು ಕಳೆದುಕೊಂಡವರಿಗೆ ತೀರಿಸುತ್ತಾ ಹೋಗುತ್ತಾಳೆ.

ವರ್ಷಗಳ ನಂತರ ವಾಪಸ್ ಬಂದರೆ ನೆವಿಲ್ ಇನ್ನೊಬ್ಬಳನ್ನು, ಕಾನ್‌ಸ್ಟನ್ಸ್ ಅನ್ನುವ ಒಳ್ಳೆಯ ಮನೆಯ ಹುಡುಗಿಯನ್ನು, ಮದುವೆಯಾಗುವುದರಲ್ಲಿದ್ದಾನೆ. ಮದುವೆಯ ಮುಂಚೆ ಒಂದು ರಾತ್ರಿ ಇವರಿಬ್ಬರೂ ಜೊತೆಗಿರುತ್ತಾರೆ. ಆಮೇಲೆ ಅವನು ಹೋಗಿ ಸುಮ್ನೆ ಮದುವೆಯಾಗುತ್ತಾನೆ. ಮುಂದೆ ಡಯಾನಾ ಕಾಯಿಲೆ ಬೀಳುತ್ತಾಳೆ, ಸತ್ಯ ಹೊರಗೆ ಬರುತ್ತದೆ, ಎಲ್ಲ ತಡವಾಗಿ.

ಈಗ ಒಂದು ಹಿನ್ನೆಲೆ ಹೇಳಬೇಕು, ಯಾಕೆಂದರೆ ಈ ಚಿತ್ರದ ಬಗ್ಗೆ ನನಗೆ ಹೇಳಬೇಕು ಅನ್ನಿಸುವ ಮುಖ್ಯ ಮಾತು ಅಲ್ಲೇ ಇದೆ. ಇದು ಮೈಕಲ್ ಆರ್ಲನ್ ಅವರ ‘ದ ಗ್ರೀನ್ ಹ್ಯಾಟ್’ ಕಾದಂಬರಿಯಿಂದ ಮಾಡಿದ ಚಿತ್ರ. 1924ರಲ್ಲಿ ಬಂದ ಪುಸ್ತಕ, ಆ ಕಾಲಕ್ಕೆ ಭಾರೀ ಗದ್ದಲ ಎಬ್ಬಿಸಿತ್ತು. ಮರುವರ್ಷವೇ ನಾಟಕವಾಯಿತು, ನಾಯಕಿಯ ಪಾತ್ರವನ್ನು ನ್ಯೂಯಾರ್ಕಿನಲ್ಲಿ ಕ್ಯಾಥರೀನ್ ಕಾರ್ನೆಲ್, ಲಂಡನ್ನಿನಲ್ಲಿ ಟಲೂಲಾ ಬ್ಯಾಂಕ್‌ಹೆಡ್ ಮಾಡಿದರು. ಪುಸ್ತಕದಲ್ಲಿ ಗಂಡ ಸಾಯುವುದು ಕಳ್ಳತನಕ್ಕಲ್ಲ. ಅವನಿಗೆ ಸಿಫಿಲಿಸ್ ಇರುತ್ತದೆ. ಹಾಲಿವುಡ್‌ನಲ್ಲಿ ಅದನ್ನು ತೋರಿಸುವ ಮಾತೇ ಇರಲಿಲ್ಲ. ಹಾಲಿವುಡ್ ಸ್ಟುಡಿಯೋಗಳೇ ಸೇರಿ ಮಾಡಿಕೊಂಡಿದ್ದ, ವಿಲ್ ಹೇಸ್ ಮುಖ್ಯಸ್ಥರಾಗಿದ್ದ ಸಂಘ 1927ರಲ್ಲಿ ಚಿತ್ರಗಳಲ್ಲಿ ಏನೇನು ಇರಬಾರದು ಅಂತ ಒಂದು ಪಟ್ಟಿ ಮಾಡಿತ್ತು, ಅದರಲ್ಲಿ ಗುಪ್ತರೋಗದ ವಿಷಯವೂ ಸೇರಿತ್ತು. ಅದೂ ಸಾಲದು ಅಂತ ಪುಸ್ತಕದ ಹೆಸರನ್ನೂ ಬಳಸುವ ಹಾಗಿರಲಿಲ್ಲ, ಪಾತ್ರಗಳ ಹೆಸರನ್ನೂ ಬಳಸುವ ಹಾಗಿರಲಿಲ್ಲ. ಹೀಗೆ ಐರಿಸ್ ಮಾರ್ಚ್ ಹೋಗಿ ಡಯಾನಾ ಮೆರಿಕ್ ಆದಳು, ಹಸಿರು ಟೋಪಿ ಶೀರ್ಷಿಕೆಯಿಂದ ಮಾಯವಾಯಿತು. ಕಪ್ಪು ಬಿಳುಪು ಚಿತ್ರದಲ್ಲಿ ಟೋಪಿ ಹಸಿರಾಗಿದ್ದರೆಷ್ಟು ಬಿಟ್ಟರೆಷ್ಟು ಅನ್ನಿ.

ಎಲ್ಲರೂ ಹೇಳುವುದು ಏನೆಂದರೆ, ಹೇಸ್ ಅವರ ಕಾಟದಿಂದ ಕಥೆ ಹಾಳಾಯಿತು, ಪುಸ್ತಕದ ಧೈರ್ಯ ಚಿತ್ರದಲ್ಲಿಲ್ಲ ಅಂತ. ನನಗೆ ಹಾಗನ್ನಿಸುವುದಿಲ್ಲ. ಕಾಯಿಲೆಯ ಜಾಗಕ್ಕೆ ಕಳ್ಳತನ ಬಂದದ್ದರಿಂದ ಕಥೆ ಇನ್ನೂ ಚೂಪಾಗಿದೆ. ಕಾಯಿಲೆಯಾದರೆ ಅವಳು ಗುಟ್ಟು ಮುಚ್ಚಿಟ್ಟುಕೊಳ್ಳಬಹುದು, ಅಷ್ಟೇ. ಹಣವಾದರೆ ಲೆಕ್ಕ ಇರುತ್ತದೆ, ಕಳೆದುಕೊಂಡವರು ಇರುತ್ತಾರೆ, ಇಷ್ಟು ಅಂತ ಎಣಿಸಿ ಕೊಡಬೇಕಾಗುತ್ತದೆ. ಸತ್ತ ಗಂಡನ ಒಳ್ಳೆಯ ಹೆಸರಿಗೆ ಒಂದು ಬೆಲೆ ಬಂದುಬಿಡುತ್ತದೆ, ಅದನ್ನು ಅವಳು ಕೈಯಿಂದ ಕೊಡುತ್ತಾಳೆ. ತಮಾಷೆ ಏನೆಂದರೆ, ಅವನ ಹೆಸರು ಉಳಿಸಲು ಅವಳು ಕೊಟ್ಟಷ್ಟೂ ಅವಳ ಹೆಸರು ಕೆಡುತ್ತಾ ಹೋಗುತ್ತದೆ.

ಇದರ ಎದುರಿಗೆ ಸರ್ ಮಾರ್ಟನ್‌ನನ್ನು ಇಟ್ಟು ನೋಡಿ. ಮನೆತನದ ಮರ್ಯಾದೆ, ಹೆಸರು, ವಂಶ ಅಂತ ಅವನು ಮಾತಾಡುವುದೆಲ್ಲ ಒಳಗೆ ದುಡ್ಡಿನದೇ ಮಾತು. ಮಗನಿಗೆ ಪ್ರೀತಿ ಇದೆ ಅಂದರೆ ಮೊದಲು ಸಂಪಾದಿಸಿ ತೋರಿಸು ಅನ್ನುತ್ತಾನೆ. ಅವನಿಗೆ ಡಯಾನಾ ಬೇಡ, ಯಾಕೆಂದರೆ ಅವಳ ಮನೆಯವರು ದುಂದು, ನಡತೆ ಸಡಿಲ. ಅವನ ಕಣ್ಣಿಗೆ ಸರಿ ಕಾಣುವ ಜನ ಅಂದರೆ ಡೇವಿಡ್‌ನಂಥವರು, ನೋಡಲು ಚೆಂದ, ಬಟ್ಟೆ ಚೆಂದ, ಮಾತು ಚೆಂದ. ಇಡೀ ಊರಲ್ಲಿ ಕಳ್ಳ ಅವನೊಬ್ಬನೇ. ಸಾಲ ತೀರಿಸಿದವಳು ಆ ‘ಕೆಟ್ಟ’ ಹುಡುಗಿ. ಚಿತ್ರ ಇದನ್ನು ಎಲ್ಲೂ ಬೋರ್ಡು ಬರೆದು ಹೇಳುವುದಿಲ್ಲ, ನೋಡುವವರೇ ಕೂಡಿಸಿಕೊಳ್ಳಬೇಕು, ಹಾಗೆ ಕೂಡಿಸಿಕೊಂಡ ಮೇಲೆ ಮುದುಕನ ಪ್ರತಿಯೊಂದು ಮಾತೂ ಬೇರೆ ಥರ ಕೇಳಿಸುತ್ತದೆ. ಸರ್ ಮಾರ್ಟನ್ ಪಾತ್ರ ಮಾಡಿದ ಹೋಬರ್ಟ್ ಬಾಸ್ವರ್ತ್ ಚೆನ್ನಾಗಿ ಮಾಡಿದ್ದಾರೆ. ಕೆಟ್ಟವನ ಹಾಗೆ ಮೀಸೆ ತಿರುವುವುದಿಲ್ಲ. ತಾನು ಮಾಡುತ್ತಿರುವುದು ಸರಿ ಅಂತ ಪೂರ್ತಿ ನಂಬಿದ ಮನುಷ್ಯನ ಹಾಗೆ ನೆಟ್ಟಗೆ ನಿಂತಿರುತ್ತಾರೆ. ಅದೇ ಜಾಸ್ತಿ ಸಿಟ್ಟು ಬರಿಸುತ್ತದೆ.

ಇಷ್ಟು ಒಳ್ಳೆಯ ವಿಷಯ ಕೈಯಲ್ಲಿಟ್ಟುಕೊಂಡು ಚಿತ್ರ ಅದನ್ನು ಪೂರ್ತಿ ಬಳಸಿಲ್ಲ, ಇದು ನನ್ನ ದೊಡ್ಡ ತಕರಾರು. ಅವಳು ಸಾಲ ತೀರಿಸುವುದನ್ನು ನಾವು ನೋಡಬೇಕಿತ್ತು. ಒಂದು ದೃಶ್ಯ ಸಾಕಿತ್ತು. ಹಣ ಕಳೆದುಕೊಂಡ ಒಬ್ಬ ಮನುಷ್ಯ, ಅವನ ಮುಂದೆ ಇವಳು, ನಡುವೆ ಒಂದು ಮೇಜು. ಅದು ಬಿಟ್ಟು, ತೀರಿಸಿದಳು ಅಂತ ಹೇಳಿ ಮುಗಿಸುತ್ತಾರೆ. ಅವಳ ಹತ್ತಿರ ಅಷ್ಟು ಹಣ ಎಲ್ಲಿಂದ ಬಂತು ಅನ್ನುವ ಪ್ರಶ್ನೆಯ ಹತ್ತಿರವೂ ಚಿತ್ರ ಸುಳಿಯುವುದಿಲ್ಲ. ಮನೆಯ ಆಸ್ತಿಯೋ, ಬಂದು ಹೋದ ಗಂಡಸರೋ? ಅವಳು ಅಲೆದಾಡಿದ ವರ್ಷಗಳನ್ನು ಬೇಗ ಬೇಗ ದಾಟಿಸಿಬಿಡುತ್ತಾರೆ. ಹೆದರಿಕೊಂಡರು ಅನ್ನುವುದು ಕಾಣುತ್ತದೆ. ಚಿತ್ರಕಥೆ ಬರೆದ ಬೆಸ್ ಮೆರೆಡಿತ್ ಅವರಿಗೆ ಈ ಕೆಲಸಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಅದು ಎರಡನೆಯ ವರ್ಷದ ಆಸ್ಕರ್. ಕೈ ಕಾಲು ಕಟ್ಟಿ ಈಜು ಅಂದರೆ ಈಜಿದವರಿಗೆ ಅಷ್ಟಾದರೂ ಸಿಗಲಿ, ನನ್ನ ಆಕ್ಷೇಪ ಇಲ್ಲ.

ಇನ್ನು ಗಾರ್ಬೊ. ಆಗ ಅವರಿಗೆ ಇಪ್ಪತ್ತಮೂರರ ಆಸುಪಾಸು. ಸ್ವೀಡನ್ನಿನಿಂದ ಬಂದು ಕೆಲವೇ ವರ್ಷ ಆಗಿತ್ತು. ಮೂಕಿ ಚಿತ್ರ ಅಂದರೆ ಕಣ್ಣು ದೊಡ್ಡದು ಮಾಡುವುದು, ಎದೆ ಹಿಡಿದುಕೊಂಡು ಹಿಂದಕ್ಕೆ ವಾಲುವುದು ಅಂತ ಯಾರಾದರೂ ತಿಳಿದುಕೊಂಡಿದ್ದರೆ ಅವರಿಗೆ ಈ ಚಿತ್ರವನ್ನೇ ತೋರಿಸಬೇಕು. ಗಾರ್ಬೊ ಇಲ್ಲಿ ಮಾಡುವುದು ತುಂಬ ಕಡಿಮೆ. ಕೆಟ್ಟ ಸುದ್ದಿ ಬಂದಾಗ ಮುಖ ಗಟ್ಟಿಯಾಗುತ್ತದೆ, ಅಳುವುದಿಲ್ಲ. ಗಂಡ ಸತ್ತ ಮೇಲೆ ಎಲ್ಲರೂ ಅವಳನ್ನೇ ನೋಡುತ್ತಿರುವಾಗ ಆ ಮುಖದಲ್ಲಿ ದುಃಖ ಎಷ್ಟು, ಹಟ ಎಷ್ಟು, ಇವರಿಗೆಲ್ಲ ಯಾಕೆ ಹೇಳಬೇಕು ಅನ್ನುವ ಸೊಕ್ಕು ಎಷ್ಟು ಅಂತ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಗುಟ್ಟು ಇಟ್ಟುಕೊಂಡ ಹೆಂಗಸಿನ ಕಥೆಯನ್ನು ಮಾತಿಲ್ಲದ ಚಿತ್ರದಲ್ಲಿ ಹೇಳುವುದಕ್ಕೆ ಇಂಥ ಮುಖವೇ ಬೇಕು. ಕ್ಯಾಮೆರಾ ವಿಲಿಯಂ ಡ್ಯಾನಿಯಲ್ಸ್ ಅವರದು. ಗಾರ್ಬೊ ಅವರ ಹಾಲಿವುಡ್ ಚಿತ್ರಗಳಲ್ಲಿ ಹೆಚ್ಚಿನವನ್ನು ತೆಗೆದವರು ಅವರೇ, ಆ ಮುಖಕ್ಕೆ ಎಲ್ಲಿಂದ ಬೆಳಕು ಬೀಳಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ಎರಡು ದೃಶ್ಯಗಳ ಬಗ್ಗೆ ಹೇಳದೆ ಇರಲಾರೆ. ಒಂದು ಉಂಗುರದ್ದು. ಡಯಾನಾಳ ಬೆರಳಿಗೆ ಸಡಿಲವಾದ ಒಂದು ಉಂಗುರ ಇದೆ. ನೆವಿಲ್ ಮದುವೆಗೆ ಮುಂಚೆ ಇಬ್ಬರೂ ಭೇಟಿಯಾದ ರಾತ್ರಿ, ಅವಳು ಸೋಫಾದ ಮೇಲೆ ಒರಗಿದ್ದಾಳೆ, ಕೈ ಕೆಳಗೆ ಇಳಿಬಿದ್ದಿದೆ, ಆ ಉಂಗುರ ಬೆರಳಿನಿಂದ ಜಾರಿ ನೆಲಕ್ಕೆ ಬೀಳುತ್ತದೆ. ಅಷ್ಟೇ. ಇಷ್ಟಕ್ಕೇ ಏನಾಯಿತು ಅನ್ನುವುದು ಗೊತ್ತಾಗುತ್ತದೆ. ಸೆನ್ಸಾರ್‌ನವರು ಕತ್ತರಿ ಹಿಡಿದು ಬಂದರೆ ಯಾವುದನ್ನು ಕತ್ತರಿಸಬೇಕು? ಉಂಗುರವನ್ನೇ? ಇಂಥ ಕಡೆಗಳಲ್ಲಿ ಬ್ರೌನ್ ಎಷ್ಟು ಜಾಣರು ಅಂತ ಖುಷಿಯಾಗುತ್ತದೆ. ಹೇಳಬಾರದು ಅಂತ ಬಾಯಿಗೆ ಬೀಗ ಹಾಕಿದವರಿಗೇ ಇವರು ಬೆರಳಿನಿಂದ ಹೇಳಿ ತೋರಿಸಿದ್ದಾರೆ.

ಇನ್ನೊಂದು ಹೂವಿನದು, ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಡಯಾನಾ ಕಾಯಿಲೆ ಬಿದ್ದು ಮಲಗಿದ್ದಾಳೆ. ಕಾಯಿಲೆ ಏನು ಅಂತ ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹಿಂದಿನದನ್ನು ನೋಡಿದವರಿಗೆ ಊಹಿಸುವುದು ಕಷ್ಟವಲ್ಲ. ನೆವಿಲ್ ಕಳಿಸಿದ ಹೂಗುಚ್ಛ ಕೋಣೆಯಲ್ಲಿತ್ತು, ಅದನ್ನು ಹೊರಗೆ ಇಟ್ಟಿದ್ದಾರೆ. ಜ್ವರದ ಮಂಪರಿನಲ್ಲಿ ಎದ್ದವಳಿಗೆ ಹೂವು ಕಾಣುವುದಿಲ್ಲ. ತೂರಾಡುತ್ತಾ ಹೊರಗೆ ಬಂದು, ಹೂವು ಕಂಡ ಕೂಡಲೇ ಓಡಿ ಹೋಗಿ ತಬ್ಬಿಕೊಳ್ಳುತ್ತಾಳೆ. ಮನುಷ್ಯರನ್ನು ತಬ್ಬಿಕೊಳ್ಳುವ ಹಾಗೆ, ಮುಖ ಹುದುಗಿಸಿ, ಏನೇನೋ ಮಾತಾಡುತ್ತಾ. ಏನು ಮಾತಾಡುತ್ತಾಳೆ ಅಂತ ಬರೆದು ತೋರಿಸುವುದಿಲ್ಲ, ತೋರಿಸಿದ್ದರೆ ಕೆಡುತ್ತಿತ್ತು. ಅಲ್ಲಿ ನೆವಿಲ್ ಇದ್ದಾನೆ, ಅವನ ಹೆಂಡತಿಯೂ ಇದ್ದಾಳೆ. ಇಷ್ಟು ವರ್ಷ ಎಲ್ಲರ ಮುಂದೆ ಮುಖ ಗಟ್ಟಿ ಮಾಡಿಕೊಂಡು ಬದುಕಿದವಳು ಎಚ್ಚರ ತಪ್ಪಿದಾಗ ಮಾತ್ರ ತನ್ನ ಮನಸ್ಸು ತೋರಿಸುತ್ತಾಳೆ, ಅದೂ ಯಾರು ನೋಡಬಾರದಿತ್ತೋ ಅವರ ಮುಂದೆ. ಈ ದೃಶ್ಯಕ್ಕಾಗಿಯೇ ನಾನು ಚಿತ್ರವನ್ನು ಮತ್ತೆ ನೋಡಿದ್ದು.

ಹೂವಿನ ದೃಶ್ಯದಲ್ಲಿ ಕಾನ್‌ಸ್ಟನ್ಸ್‌ಳನ್ನೂ ಗಮನಿಸಿ. ಡೊರೊಥಿ ಸೆಬಾಸ್ಟಿಯನ್ ಮಾಡಿರುವ ಪಾತ್ರ. ಇಂಥ ಕಥೆಗಳಲ್ಲಿ ಹೆಂಡತಿಯಾದವಳನ್ನು ಒಂದೋ ಬಜಾರಿ ಮಾಡುತ್ತಾರೆ, ಇಲ್ಲದಿದ್ದರೆ ಬರೀ ಅಳುಬುರುಕಿ. ಇವಳು ಎರಡೂ ಅಲ್ಲ, ಪಾಪ, ಏನೂ ತಪ್ಪು ಮಾಡದೆ ಸಿಕ್ಕಿಕೊಂಡವಳು. ಅವಳಿಗೆ ಇನ್ನೂ ಸ್ವಲ್ಪ ಜಾಗ ಕೊಡಬೇಕಿತ್ತು.

ಜೆಫ್ರಿಯಾಗಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಜೂನಿಯರ್ ಇದ್ದಾರೆ. 1909ರಲ್ಲಿ ಹುಟ್ಟಿದವರು, ಅಂದರೆ ಇದರಲ್ಲಿ ಇನ್ನೂ ಇಪ್ಪತ್ತು ತುಂಬದ ಹುಡುಗ. ಅಪ್ಪ ಆಗಿನ ಕಾಲದ ಭಾರೀ ಸ್ಟಾರ್, ಮಗನನ್ನು ಆ ಹೆಸರಿನ ಜೋರಿನಿಂದ ಹಾಕಿಕೊಂಡಿರಬೇಕು ಅಂದುಕೊಂಡು ಕೂತರೆ ಹುಡುಗ ಬೆಚ್ಚಿ ಬೀಳಿಸುತ್ತಾನೆ. ಕುಡಿದು ಕಣ್ಣು ಒಳಗೆ ಹೋಗಿ, ಯಾರ ಮೇಲೋ ಇರುವ ಸಿಟ್ಟನ್ನು ತನ್ನ ಮೇಲೆ ತೀರಿಸಿಕೊಳ್ಳುವ ಆ ಪಾತ್ರ ಗಿಲ್ಬರ್ಟ್ ಪಾತ್ರಕ್ಕಿಂತ ಜಾಸ್ತಿ ನೆನಪಿರುತ್ತದೆ. ಜೆಫ್ರಿಗೆ ಡೇವಿಡ್ ಮೇಲಿದ್ದ ಭಕ್ತಿಯನ್ನು ಬರೀ ಗೆಳೆತನ ಅಂತ ನೋಡಬೇಕೋ, ಅದಕ್ಕಿಂತ ಜಾಸ್ತಿ ಏನೋ ಅಂತ ನೋಡಬೇಕೋ ಅನ್ನುವುದನ್ನು ಚಿತ್ರ ನಿಮಗೇ ಬಿಟ್ಟಿದೆ. ನನಗಂತೂ ಎರಡನೆಯದೇ ಸರಿ ಅನ್ನಿಸಿತು.

ಡೇವಿಡ್ ಆಗಿರುವ ಜಾನ್ ಮ್ಯಾಕ್ ಬ್ರೌನ್ ಮೊದಲು ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ, ಆಮೇಲೆ ಕೌಬಾಯ್ ಚಿತ್ರಗಳಲ್ಲಿ ಹೆಸರು ಮಾಡಿದವರು. ಇಲ್ಲಿ ಅವರ ಕೆಲಸ ಚೆಂದ ಕಾಣುವುದು, ಬೇಗ ಸಾಯುವುದು. ಎರಡನ್ನೂ ಮಾಡಿದ್ದಾರೆ. ಮನೆಯ ಹಳೆಯ ಹಿತೈಷಿ ಡಾಕ್ಟರಾಗಿ ಲೂಯಿಸ್ ಸ್ಟೋನ್, ಎಲ್ಲ ಗೊತ್ತಿದ್ದೂ ಸುಮ್ಮನಿರುವ ಪಾತ್ರ. ಅವರು ಸುಮ್ಮನಿದ್ದದ್ದಕ್ಕೆ ಅರ್ಧ ಕಥೆ ನಡೆಯುತ್ತದೆ, ಡಾಕ್ಟರೇ ಮೊದಲೇ ಬಾಯಿ ಬಿಟ್ಟಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು ಅಂತ ನನಗೆ ಮತ್ತೆ ಮತ್ತೆ ಅನ್ನಿಸಿತು.

ಗಿಲ್ಬರ್ಟ್ ಬಗ್ಗೆ ಏನು ಹೇಳುವುದು. ಗಾರ್ಬೊ ಜೊತೆ ಅವರ ನಾಲ್ಕು ಚಿತ್ರಗಳಲ್ಲಿ ಇದು ಮೂರನೆಯದು, ‘ಫ್ಲೆಶ್ ಅಂಡ್ ದ ಡೆವಿಲ್’, ‘ಲವ್’ ಆದ ಮೇಲೆ. ತೆರೆಯ ಹೊರಗೂ ಇವರಿಬ್ಬರ ಪ್ರೀತಿ ದೊಡ್ಡ ಸುದ್ದಿಯಾಗಿತ್ತು. ಆ ಕಾಲದಲ್ಲಿ ಹೆಂಗಸರು ಹುಚ್ಚು ಹಿಡಿದು ನೋಡುತ್ತಿದ್ದ ನಾಯಕ ನಟ. ಅಂಥವರಿಗೆ ಇಲ್ಲಿ ಬೆನ್ನೆಲುಬಿಲ್ಲದ ಪಾತ್ರ ಕೊಟ್ಟಿದ್ದಾರೆ, ಅವರು ಅದನ್ನು ಬೆನ್ನೆಲುಬಿಲ್ಲದ ಹಾಗೇ ಮಾಡಿದ್ದಾರೆ. ಹೆಚ್ಚಿನ ನಟರು ಇಂಥ ಕಡೆ ಒಂದಿಷ್ಟು ಪೌರುಷ ಸೇರಿಸಿ ಪಾತ್ರ ಕೆಡಿಸುತ್ತಾರೆ. ಗಿಲ್ಬರ್ಟ್ ನಿಂತು ಕೈ ಹಿಸುಕಿಕೊಳ್ಳುತ್ತಾರೆ, ಅಪ್ಪನ ಕಡೆ ನೋಡುತ್ತಾರೆ, ಅವಳ ಕಡೆ ನೋಡುತ್ತಾರೆ. ಸಿಟ್ಟು ಬರುತ್ತದೆ. ಬರಬೇಕಾದದ್ದೂ ಅದೇ.

ಬಟ್ಟೆಯ ವಿಷಯ ಒಂದು ಮಾತು. ಬಟ್ಟೆ ಏಡ್ರಿಯನ್ ಅವರ ಕೆಲಸ. ಡಯಾನಾ ಹಾಕುವ ಕಣ್ಣಿನ ಮೇಲೆ ಇಳಿದ ಟೋಪಿ, ಅದರ ಜೊತೆ ಗಂಡಸರ ಥರದ ಮಳೆ ಕೋಟು, ಈಗಲೂ ಯಾರಾದರೂ ಹಾಕಿಕೊಂಡು ಬೀದಿಗೆ ಬಂದರೆ ತಿರುಗಿ ನೋಡಬೇಕು ಹಾಗಿದೆ. ಉಳಿದ ಹೆಂಗಸರೆಲ್ಲ ಮಿಂಚುವ ಬಟ್ಟೆಯಲ್ಲಿ ಇರುವಾಗ ಇವಳು ಪ್ರಯಾಣದ ಮಧ್ಯದಲ್ಲಿ ಇಳಿದು ಬಂದವಳ ಹಾಗೆ ಕಾಣುತ್ತಾಳೆ.

ನೋಡಲು ಹೊರಟವರಿಗೆ ಕೆಲವು ಉಪಯೋಗದ ಮಾತು. 1928ರ ಕೊನೆ ಅಂದರೆ ಟಾಕಿ ಬಂದಾಗಿತ್ತು, ಥಿಯೇಟರುಗಳು ಒಂದೊಂದಾಗಿ ಧ್ವನಿ ಯಂತ್ರ ಹಾಕಿಸಿಕೊಳ್ಳುತ್ತಿದ್ದವು. ಹಾಗಾಗಿ ಈ ಚಿತ್ರದಲ್ಲಿ ಮಾತಿಲ್ಲ, ಆದರೆ ಮುದ್ರಿಸಿದ ಸಂಗೀತ ಮತ್ತು ಕೆಲವು ಸದ್ದುಗಳು ಸೇರಿದ್ದವು. ಇದರಿಂದ ನಮಗೊಂದು ಲಾಭ ಇದೆ. ಧ್ವನಿಯ ಜೊತೆ ಹೊಂದಿಸಬೇಕಾದ್ದರಿಂದ ವೇಗ ಸೆಕೆಂಡಿಗೆ 24 ಫ್ರೇಮ್ ಅಂತ ನಿಂತಿದೆ, ಹಳೆಯ ಮೂಕಿ ಚಿತ್ರಗಳಲ್ಲಿ ಜನ ಪಟಪಟ ಅಂತ ಓಡಾಡುವ ಆ ನಗೆಪಾಟಲು ಇಲ್ಲಿ ಇಲ್ಲ. 1980ರ ದಶಕದಲ್ಲಿ ಕಾರ್ಲ್ ಡೇವಿಸ್ ಅವರು ಹೊಸದಾಗಿ ಸಂಗೀತ ಬರೆದರು. ಸಿಕ್ಕರೆ ಅದರ ಜೊತೆ ನೋಡಿ. ದಯವಿಟ್ಟು ಯಾರೋ ಯಾವುದೋ ಪಿಯಾನೋ ತುಣುಕು ತಿರುಗಾ ಮುರುಗಾ ಅಂಟಿಸಿದ ಪ್ರತಿ ನೋಡಬೇಡಿ, ಹೂವಿನ ದೃಶ್ಯದ ಮೇಲೆ ಕುಣಿತದ ಸಂಗೀತ ಬಂದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಫೋನಿನಲ್ಲಿ ನೋಡುವುದೂ ಬೇಡ. ಮಾತಿಲ್ಲದ ಚಿತ್ರದಲ್ಲಿ ಎರಡು ಸೆಕೆಂಡ್ ಕಣ್ಣು ಬೇರೆ ಕಡೆ ಹೋದರೂ ಒಂದು ಡೈಲಾಗ್ ತಪ್ಪಿದ ಹಾಗೆ. ಮಧ್ಯೆ ಮಧ್ಯೆ ಬರುವ ಬರಹದ ಫಲಕಗಳು ಸ್ವಲ್ಪ ಜಾಸ್ತಿಯೇ ಇವೆ, ಕೆಲವು ತೀರಾ ನಾಟಕದ ಭಾಷೆಯಲ್ಲಿ. ಪುಸ್ತಕದಿಂದ ಬಂದ ರೋಗ ಅದು. ಮಧ್ಯದ ಒಂದು ಕಾಲು ಗಂಟೆ ಎಳೆಯುತ್ತದೆ, ತಡೆದುಕೊಳ್ಳಿ.

ಈಗ ಕೊನೆಯ ಬಗ್ಗೆ. ಹಿರಿಯರ ಮುಂದೆ ಸತ್ಯ ಹೊರಬೀಳುತ್ತದೆ, ಡೇವಿಡ್ ಕಳ್ಳ, ಡಯಾನಾ ಅವನ ಸಾಲ ತೀರಿಸಿದಳು, ಇಷ್ಟು ದಿನ ಆಡಿಕೊಂಡದ್ದೆಲ್ಲ ಸುಳ್ಳು ಅಂತ. ಬೇರೆ ಚಿತ್ರವಾಗಿದ್ದರೆ ಇಲ್ಲಿ ಎಲ್ಲರೂ ಕಣ್ಣೀರು ಹಾಕಿ, ಮುದುಕ ಕ್ಷಮೆ ಕೇಳಿ, ಅವಳು ತಲೆ ಎತ್ತಿ ನಿಲ್ಲಬೇಕಿತ್ತು. ಇಲ್ಲಿ ಅವಳಿಗೆ ಸಿಟ್ಟು ಬರುತ್ತದೆ. ತನ್ನದು ಅಂತ ಇದ್ದ ಒಂದೇ ಒಂದು ಒಳ್ಳೆಯ ಕೆಲಸವನ್ನು ಇವರೆಲ್ಲ ಸೇರಿ ಬೀದಿಗೆ ಹಾಕಿದರು ಅನ್ನುವ ಸಿಟ್ಟು. ಈ ಸಿಟ್ಟು ನನಗೆ ತುಂಬ ಹಿಡಿಸಿತು. ಮರ್ಯಾದೆ ಅನ್ನುವುದು ನಾಲ್ಕು ಜನ ಕೊಡುವುದು ಅಂತ ನಂಬಿದವರ ನಡುವೆ ಅವಳೊಬ್ಬಳೇ ಅದನ್ನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದಳು. ಅವರು ಅವಳನ್ನು ಹೊಗಳಲು ಹೊರಟಿದ್ದಾರೆ, ಅವಳಿಗೆ ಬೇಕಿಲ್ಲ.

ಅಷ್ಟು ಚೆನ್ನಾಗಿ ತಂದು ನಿಲ್ಲಿಸಿ ಆಮೇಲೆ ಏನು ಮಾಡುತ್ತಾರೆ? ನೆವಿಲ್‌ನನ್ನು ಹೆಂಡತಿಗೆ ಬಿಟ್ಟುಕೊಟ್ಟು, ಅವಳು ಕಾರು ಹತ್ತಿ ಹೋಗಿ, ಹಿಂದೆ ಇಬ್ಬರೂ ಪ್ರೀತಿಸುತ್ತಾ ಕೂತಿದ್ದ ಮರಕ್ಕೇ ಗುದ್ದಿ ಸಾಯುತ್ತಾಳೆ. ಪುಸ್ತಕದಲ್ಲೂ ಹೀಗೇ ಇದೆ, ಗೊತ್ತು. ಆ ಕಾಲಕ್ಕೆ ಇಂಥ ಹೆಂಗಸನ್ನು ಬದುಕಲು ಬಿಡುವ ಹಾಗಿರಲಿಲ್ಲ, ಅದೂ ಗೊತ್ತು. ಆದರೂ ಒಪ್ಪಲು ಆಗುವುದಿಲ್ಲ. ವರ್ಷಗಟ್ಟಲೆ ಊರ ನಿಂದೆ ತಿಂದು, ಇನ್ನೊಬ್ಬರ ಸಾಲ ತೀರಿಸಿ, ಒಂದು ಹನಿ ಕರುಣೆ ಕೇಳದೆ ನಿಂತವಳು ನೆವಿಲ್‌ನಂಥ ಒಬ್ಬ ಪುಕ್ಕಲನಿಗಾಗಿ ಮರಕ್ಕೆ ಗುದ್ದಿಕೊಳ್ಳುತ್ತಾಳಾ? ಗಾರ್ಬೊ ಅವರ ಮುಖ ನೋಡಿದರೆ ಇವಳು ಆ ಕಾರು ಹತ್ತಿ ನೇರ ಬಂದರಿಗೆ ಹೋಗಿ ಯಾವುದೋ ಹಡಗು ಹಿಡಿಯುವ ಹೆಂಗಸು ಅನ್ನಿಸುತ್ತದೆ. ಕಥೆಗೆ ಅವಳು ಸಾಯಬೇಕಿತ್ತು, ಪಾತ್ರಕ್ಕೆ ಬೇಕಿರಲಿಲ್ಲ. ಇದನ್ನು ಓದಿದವರಲ್ಲಿ ಕೆಲವರು ನನ್ನ ಜೊತೆ ಜಗಳಕ್ಕೆ ಬರುತ್ತೀರಿ, ಬನ್ನಿ, ಅವಳು ಕೊನೆಗೂ ತನ್ನ ಇಷ್ಟದ ಹಾಗೇ ಮಾಡಿದಳು ಅನ್ನುವ ವಾದ ನನಗೂ ಗೊತ್ತಿದೆ. ನನಗದು ಸಾಲದು.

ಇದೇ ಕಥೆಯನ್ನು 1934ರಲ್ಲಿ ಎಂಜಿಎಂನವರೇ ‘ಔಟ್‌ಕಾಸ್ಟ್ ಲೇಡಿ’ ಅಂತ ಟಾಕಿ ಮಾಡಿದರು, ಕಾನ್‌ಸ್ಟನ್ಸ್ ಬೆನೆಟ್ ನಾಯಕಿ. ಎರಡರಲ್ಲಿ ಒಂದಕ್ಕೆ ಮಾತ್ರ ಸಮಯ ಇದ್ದರೆ ಮೂಕಿಯನ್ನೇ ನೋಡಿ. ಮೂಕಿ ಚಿತ್ರ ನೋಡಿ ಅಭ್ಯಾಸವೇ ಇಲ್ಲದವರು ಮೊದಲು ‘ಫ್ಲೆಶ್ ಅಂಡ್ ದ ಡೆವಿಲ್’ ನೋಡಿಕೊಳ್ಳಿ. ಅದೂ ಕ್ಲಾರೆನ್ಸ್ ಬ್ರೌನ್ ಅವರದೇ, 1926ರದು, ಇದೇ ಜೋಡಿ. ಕಥೆ ಅದರಲ್ಲಿ ಇನ್ನೂ ಸರಳ, ಓಟ ಜಾಸ್ತಿ, ಕಣ್ಣು ಒಗ್ಗಿಕೊಳ್ಳುತ್ತದೆ. ಆಮೇಲೆ ಇದಕ್ಕೆ ಬಂದರೆ ಗಾರ್ಬೊ ಎರಡೇ ವರ್ಷದಲ್ಲಿ ಎಷ್ಟು ದೂರ ನಡೆದು ಬಂದಿದ್ದಾರೆ ಅನ್ನುವುದೂ ಕಾಣುತ್ತದೆ.